ಬ್ಯಾಟರಿ ಹೋಗುವುದು ಕಿಸ್ಮತ್ ಅಲ್ಲ, ಲೆಕ್ಕ

ನಮ್ಮ ಕಲಬುರಗಿಯ ಮನೆಗಳಲ್ಲಿ ಬಿಸಿಲಿನ ಬಗ್ಗೆ ಹೇಗೆ ಯಾರೂ ಪ್ರಶ್ನೆ ಕೇಳುವುದಿಲ್ಲವೋ ಹಾಗೆಯೇ ಬ್ಯಾಟರಿಯ ಬಗ್ಗೆಯೂ ಯಾರೂ ಪ್ರಶ್ನೆ ಕೇಳುವುದಿಲ್ಲ. ಮೊಬೈಲ್ ಮಧ್ಯಾಹ್ನಕ್ಕೇ ಸ್ವಿಚ್ ಆಫ್ ಆಗಲಿ, ಸ್ಕೂಟಿ ಬೆಳಿಗ್ಗೆ ಸ್ಟಾರ್ಟ್ ಆಗದಿರಲಿ, ಕರೆಂಟ್ ಹೋದ ಹತ್ತು ನಿಮಿಷಕ್ಕೆ ಇನ್ವರ್ಟರ್ ಕೂಗತೊಡಗಲಿ, ಹಿರಿಯರ ಬಾಯಲ್ಲಿ ಬರುವುದು ಒಂದೇ ಮಾತು: "ಬ್ಯಾಟರಿ ಗಯಿ, ಕ್ಯಾ ಕರ್ತೇ." ಬ್ಯಾಟರಿ ಹೋಯಿತು, ಏನು ಮಾಡೋದು. ಕಿಸ್ಮತ್ ಸರಿ ಇಲ್ಲ ಅಂದುಕೊಂಡು ಹೊಸದು ತರುತ್ತಾರೆ. ಒಂದು ವರ್ಷ ಕಳೆಯುವುದರೊಳಗೆ ಮತ್ತೆ ಅದೇ ಮಾತು.

ನನ್ನ ಅಭಿಪ್ರಾಯ ಬೇರೆ. ಬ್ಯಾಟರಿ ಹೋಗುವುದರಲ್ಲಿ ಕಿಸ್ಮತ್ತಿನ ಪಾಲು ಕಡಿಮೆ, ಲೆಕ್ಕದ ಪಾಲು ಹೆಚ್ಚು. ಈ ಲೆಕ್ಕ ಗೊತ್ತಿಲ್ಲದ ಮನೆ ವರ್ಷ ವರ್ಷ ದುಡ್ಡು ಕಳೆದುಕೊಳ್ಳುತ್ತದೆ. ಅದರಲ್ಲೂ ಕೈಯಲ್ಲಿ ಕಡಿಮೆ ದುಡ್ಡಿರುವ ಮನೆಯೇ ಹೆಚ್ಚು ಕಳೆದುಕೊಳ್ಳುತ್ತದೆ. ಸೈನ್ಸ್ ವಿಭಾಗದ ಸ್ನೇಹಿತರು ಬ್ಯಾಟರಿಯನ್ನು ಕೆಮಿಸ್ಟ್ರಿಯ ಪಾಠ ಅಂದುಕೊಂಡಿರಬಹುದು. ನನ್ನ ಪ್ರಕಾರ ಅದು ಕಾಮರ್ಸ್ ಪಾಠವೂ ಹೌದು.

ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ಸವಕಳಿಯ ಪಾಠ ಓದಿದ್ದೇವೆ. ಒಂದು ಆಸ್ತಿಯ ಬೆಲೆಯಿಂದ ಅದರ ಗುಜರಿ ಬೆಲೆ ಕಳೆದು, ಉಳಿದದ್ದನ್ನು ಅದು ಬಾಳುವ ಅವಧಿಯಿಂದ ಭಾಗಿಸಬೇಕು. ಇನ್ವರ್ಟರ್ ಬ್ಯಾಟರಿಯ ಬೆಲೆ 15,000 ರೂಪಾಯಿ, ಹಳೆಯದನ್ನು ವಾಪಸ್ ಕೊಟ್ಟಾಗ ಸಿಗುವುದು 3,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅದು 5 ವರ್ಷ ಬಾಳಿದರೆ ತಿಂಗಳಿಗೆ ಬೀಳುವ ಖರ್ಚು 200 ರೂಪಾಯಿ. ಎರಡೇ ವರ್ಷಕ್ಕೆ ಹೋದರೆ ತಿಂಗಳಿಗೆ 500 ರೂಪಾಯಿ. ನಡುವಿನ 300 ರೂಪಾಯಿಗೆ ಯಾರೂ ಬಿಲ್ ಕೊಡುವುದಿಲ್ಲ, ಯಾವ ಪುಸ್ತಕದಲ್ಲೂ ಅದು ಬರುವುದಿಲ್ಲ. ಆದರೆ ಅದು ಮನೆಯಿಂದ ಹೋಗಿರುತ್ತದೆ.

ಈ 300 ರೂಪಾಯಿಯನ್ನು ಹೆಚ್ಚಿನ ಸಲ ಉಳಿಸುವುದು ಸ್ವಲ್ಪ ನೀರು. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿ ಸಾಮಾನ್ಯವಾಗಿ ಸೀಸ ಮತ್ತು ಆಸಿಡ್‌ನದು. ಚಾರ್ಜ್ ಆಗುವಾಗ ಅದರೊಳಗಿನ ನೀರು ನಿಧಾನಕ್ಕೆ ಕಡಿಮೆಯಾಗುತ್ತದೆ. ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮೂರಿನಲ್ಲಿ ಇನ್ನೂ ಬೇಗ. ಒಳಗಿನ ಪ್ಲೇಟು ನೀರಿನಿಂದ ಮೇಲೆ ಬಂದು ಒಣಗಿದರೆ ಆ ಭಾಗ ಮತ್ತೆ ಸರಿಹೋಗುವುದಿಲ್ಲ. ಬ್ಯಾಟರಿಯ ಮೇಲೆ ನೀರಿನ ಮಟ್ಟ ತೋರಿಸುವ ಚಿಕ್ಕ ಕಡ್ಡಿಗಳಿರುತ್ತವೆ. ತಿಂಗಳಿಗೊಮ್ಮೆ ಅವನ್ನು ನೋಡಿದರೆ ಸಾಕು. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ, ಫಿಲ್ಟರ್ ನೀರಿನಲ್ಲೂ ಅದು ಪೂರ್ತಿ ಹೋಗಿರುವುದಿಲ್ಲ. "ಆಸಿಡ್ ಹಾಕಿದರೆ ಪವರ್ ಬರುತ್ತೆ" ಎನ್ನುವ ಮಾತು ಸುಳ್ಳು. ಕಡಿಮೆಯಾಗಿರುವುದು ನೀರು, ಆಸಿಡ್ ಅಲ್ಲ.

ಇಷ್ಟು ಸುಲಭದ ಕೆಲಸ ಯಾಕೆ ಆಗುವುದಿಲ್ಲ? ಅದು ಯಾರ ಕೆಲಸವೂ ಅಲ್ಲ, ಅದಕ್ಕೆ. ಅಬ್ಬಾ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾರೆ. ಆಸಿಡ್ ಭಯಕ್ಕೆ ಅಮ್ಮಿ ಅದನ್ನು ಮುಟ್ಟುವುದಿಲ್ಲ. ಮೆಕ್ಯಾನಿಕ್ ಬರುವುದು ಕೆಟ್ಟ ಮೇಲೆ. ಹಾಗಾದರೆ ಈ ಕೆಲಸ ಪಿಯುಸಿ ಓದುವ ನಮ್ಮದು. ಎಚ್ಚರಿಕೆ ಮಾತ್ರ ಬೇಕು: ಸ್ವಿಚ್ ಆಫ್ ಮಾಡಿ, ಕೈಗೆ ಗ್ಲೌಸ್ ಹಾಕಿಕೊಂಡು, ಕಿಟಕಿ ತೆರೆದು ಮಾಡಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಅದರ ಹತ್ತಿರ ಬೆಂಕಿಕಡ್ಡಿ ಗೀರಬಾರದು. ಇನ್ವರ್ಟರನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಈಗ ಬೈಕಿನ ವಿಷಯ. ಬೈಕ್ ಸ್ಟಾರ್ಟ್ ಆಗದಿದ್ದರೆ ನಮಗೆ ಸಿಗುವ ಮೊದಲ ಸಲಹೆ "ಬ್ಯಾಟರಿ ಬದಲಿಸಿ". ಎಷ್ಟೋ ಸಲ ಕೆಟ್ಟಿರುವುದು ಬ್ಯಾಟರಿ ಅಲ್ಲ, ಅದನ್ನು ಚಾರ್ಜ್ ಮಾಡುವ ರೆಗ್ಯುಲೇಟರ್ ಅಥವಾ ಒಂದು ಸಡಿಲ ವೈರು. ಅದನ್ನು ನೋಡದೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ವಾರಕ್ಕೆ ಮಲಗುತ್ತದೆ. ಆಗ ಬೈಗುಳ ತಿನ್ನುವುದು ಬ್ಯಾಟರಿ ಕಂಪನಿ. ನಿಜ ತಿಳಿಯಲು ಮಲ್ಟಿಮೀಟರ್ ಸಾಕು. 12 ವೋಲ್ಟ್ ಎಂದು ಬರೆದಿದ್ದರೂ, ಪೂರ್ತಿ ಚಾರ್ಜ್ ಆದ ಒಳ್ಳೆಯ ಬ್ಯಾಟರಿ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಶುರು ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಅದು 13.5ರಿಂದ 14.5ರ ನಡುವೆ ಏರಬೇಕು. ಏರಲಿಲ್ಲ ಎಂದರೆ ದೋಷ ಬೇರೆ ಕಡೆ ಇದೆ. "ಮೀಟರ್ ಹಚ್ಚಿ ತೋರಿಸಿ ಭಾಯಿ" ಎಂದು ಕೇಳಲು ನಮಗೆ ಸಂಕೋಚ ಯಾಕೆ? ಡಾಕ್ಟರ್ ಟೆಸ್ಟ್ ಮಾಡದೆ ಆಪರೇಷನ್ ಅಂದರೆ ನಾವು ಒಪ್ಪುತ್ತೇವೆಯೇ?

ರಜೆಯಲ್ಲಿ ಗಾಡಿ ವಾರಗಟ್ಟಲೆ ನಿಂತರೂ ಬ್ಯಾಟರಿ ಕೆಡುತ್ತದೆ. ಚಾರ್ಜ್ ಇಳಿದ ಸೀಸದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಂದರೆ ಇದು ತಪ್ಪುತ್ತದೆ. ಕಿಕ್ಕರ್ ಇಲ್ಲದ ಗಾಡಿಗಳು ಈಗ ಹೆಚ್ಚಾಗಿವೆ, ಗೇರ್ ಇಲ್ಲದ ಸ್ಕೂಟಿಯನ್ನು ತಳ್ಳಿ ಸ್ಟಾರ್ಟ್ ಮಾಡಲೂ ಆಗುವುದಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಇದು ಗೊತ್ತಾಗುವುದು ಬೇಡ.

ಮೊಬೈಲ್ ಬ್ಯಾಟರಿಯ ರಸಾಯನ ಬೇರೆ, ಆದ್ದರಿಂದ ಅದರ ನಿಯಮವೂ ಬೇರೆ. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಹಾಕು" ಎಂದು ನಮ್ಮ ಚಾಚಾಗಳು ಹೇಳುವ ನಿಯಮ ಅದಕ್ಕಿಂತ ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯದು. ಇಂದಿನ ಫೋನಿಗೆ ಅದು ಒಳ್ಳೆಯದಲ್ಲ, ನಷ್ಟ. ಲಿಥಿಯಂ ಬ್ಯಾಟರಿಗೆ ಎರಡು ತುದಿಗಳೂ ಆಗುವುದಿಲ್ಲ: ಪೂರ್ತಿ ಖಾಲಿಯೂ ಬೇಡ, ಗಂಟೆಗಟ್ಟಲೆ ಶೇಕಡ 100ರಲ್ಲಿ ಬಿಸಿಯಾಗಿ ಕೂರುವುದೂ ಬೇಡ. ಶೇಕಡ 20ರಿಂದ 80ರ ನಡುವೆ ಇದ್ದರೆ ಅದು ಆರಾಮವಾಗಿರುತ್ತದೆ. ಎರಡು ಸಲ ಅರ್ಧರ್ಧ ಚಾರ್ಜ್ ಮಾಡಿದರೆ ಲೆಕ್ಕಕ್ಕೆ ಹಿಡಿಯುವುದು ಒಂದೇ ಸೈಕಲ್. ಇಂತಹ ಕೆಲವು ನೂರು ಸೈಕಲ್‌ಗಳ ನಂತರ ಅದರ ಶಕ್ತಿ ಇಳಿಯುತ್ತದೆ. ಅಂದರೆ ಫೋನಿನಲ್ಲಿರುವುದು ಎಣಿಸಿ ಕೊಟ್ಟ ಬಂಡವಾಳ. ತಲೆದಿಂಬಿನ ಕೆಳಗೆ ಚಾರ್ಜ್ ಹಾಕಿ ಮಲಗುವವರು, ಚಾರ್ಜಿಂಗ್‌ನಲ್ಲಿಟ್ಟೇ ಗೇಮ್ ಆಡುವವರು ಆ ಬಂಡವಾಳವನ್ನು ಬಿಸಿ ಮಾಡಿ ಕರಗಿಸುತ್ತಿದ್ದಾರೆ.

ಮನೆಯವರಿಗೆ ಹೇಳಬೇಕಾದ ಮಾತೊಂದಿದೆ. ಪರೀಕ್ಷೆ ಬಂತೆಂದು ನಮ್ಮ ಫೋನ್ ಕಸಿದು ಅಲ್ಮಾರಿಯಲ್ಲಿಡುವುದು ನಿಮ್ಮ ಹಕ್ಕು. ಆದರೆ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡಿ. ಪೂರ್ತಿ ಖಾಲಿಯಾದ ಫೋನ್ ಎರಡು ತಿಂಗಳ ನಂತರ ಏಳದೇ ಇರಬಹುದು.

ಇನ್ನು ಅಗ್ಗದ ಬ್ಯಾಟರಿ. ಮಾರ್ಕೆಟ್‌ನ ಸಣ್ಣ ಅಂಗಡಿಗಳಲ್ಲಿ ಒಂದೇ ಫೋನಿಗೆ ಎರಡು ಮೂರು ಬೆಲೆಯ ಬ್ಯಾಟರಿ ತೋರಿಸುತ್ತಾರೆ. 600 ರೂಪಾಯಿಯದು 6 ತಿಂಗಳು ಬಂದರೆ ತಿಂಗಳಿಗೆ 100 ರೂಪಾಯಿ. 1,800 ರೂಪಾಯಿಯದು 30 ತಿಂಗಳು ಬಂದರೆ ತಿಂಗಳಿಗೆ 60 ರೂಪಾಯಿ. ಮೂವತ್ತು ತಿಂಗಳಲ್ಲಿ ಅಗ್ಗದವನು ಐದು ಸಲ ಅಂಗಡಿಗೆ ಹೋಗಿ 3,000 ರೂಪಾಯಿ ಕೊಟ್ಟಿರುತ್ತಾನೆ. ಇದು ನಾನು ಹಾಕಿದ ಉದಾಹರಣೆ. ನಿಮ್ಮ ಮನೆಯ ಅಂಕಿ ಹಾಕಿ ನೀವೇ ಲೆಕ್ಕ ಮಾಡಿ.

ಇದಕ್ಕೆ ಒಂದು ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ: "1,800 ಒಮ್ಮೆಲೇ ಎಲ್ಲಿಂದ ತರೋಣ?" ದಿನಗೂಲಿಯ ಮನೆಗೆ ತಿಂಗಳ ಸರಾಸರಿ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ನಾನು ಖರೀದಿಗಿಂತ ಮೊದಲು ಜೋಪಾನದ ಮಾತು ಬರೆದದ್ದು. ನೀರು ನೋಡುವುದಕ್ಕೆ, ಫೋನನ್ನು ಬಿಸಿಲಿನಲ್ಲಿ ಬಿಡದಿರುವುದಕ್ಕೆ ದುಡ್ಡು ಬೇಡ. ಇನ್ನೊಂದಕ್ಕೂ ದುಡ್ಡು ಬೇಡ: ಬಿಲ್ ಕೇಳುವುದಕ್ಕೆ. "ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತೆ" ಎಂದು ಅಂಗಡಿಯವರು ಹೆದರಿಸುತ್ತಾರೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಇಲ್ಲದೆ, ತಾರೀಖು ಬರೆದು ಸೀಲ್ ಹಾಕಿದ ವಾರಂಟಿ ಕಾರ್ಡ್ ಇಲ್ಲದೆ, ಮೂರನೇ ತಿಂಗಳಿಗೆ ಬ್ಯಾಟರಿ ಕೆಟ್ಟರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಬಿಲ್ಲೂ ಒಂದು.

ಎಲ್ಲ ತಪ್ಪನ್ನೂ ಗ್ರಾಹಕರ ಮೇಲೆ ಹಾಕುವುದೂ ನ್ಯಾಯವಲ್ಲ. ಹಿಂದೆ ಫೋನಿನ ಹಿಂಬದಿ ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸಬಹುದಿತ್ತು. ಈಗ ಅಂಟು ಹಾಕಿ ಮುಚ್ಚಿದ್ದಾರೆ. ಬ್ಯಾಟರಿ ಸತ್ತರೆ ಫೋನೇ ಸತ್ತಂತೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ಕಾನೂನಿನಲ್ಲಿ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎಂಬ ನಿಯಮವಿದ್ದು, ಅದಕ್ಕೆ 2027ರ ಫೆಬ್ರವರಿ ಗಡುವು ಇಟ್ಟಿದೆ. ಅಂಥ ನಿಯಮ ನಮ್ಮ ದೇಶಕ್ಕೆ ಅವರಿಗಿಂತ ಹೆಚ್ಚು ಬೇಕು, ಯಾಕೆಂದರೆ ಒಂದೇ ಫೋನನ್ನು ಅಣ್ಣನ ನಂತರ ತಮ್ಮ, ತಮ್ಮನ ನಂತರ ಅಮ್ಮಿ ಬಳಸುವ ದೇಶ ನಮ್ಮದು.

ದುಡ್ಡಿಗಿಂತ ದೊಡ್ಡ ವಿಷಯ ಜೀವ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿ ಜನ ಸತ್ತರು. ಆಮೇಲೆ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿತು. ಆದರೆ ಬ್ಯಾಟರಿ ಬಿಚ್ಚಿ ತಂದು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜ್ ಹಾಕುವುದನ್ನು, ಮೆಟ್ಟಿಲ ಕೆಳಗೆ, ಹೊರಹೋಗುವ ಏಕೈಕ ಬಾಗಿಲ ಬಳಿ ಚಾರ್ಜ್ ಹಾಕುವುದನ್ನು ಸರ್ಕಾರ ಬಂದು ನಿಲ್ಲಿಸಲಾಗದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತಿ ಕೂರಿಸುವುದು, ಪಿನ್ನಿನಿಂದ ಚುಚ್ಚಿ ಗಾಳಿ ತೆಗೆಯುವುದು ಬೆಂಕಿಯನ್ನು ಕೈಯಾರೆ ಕರೆದಂತೆ. ಹಿಂಬದಿ ಉಬ್ಬಿದ್ದು ಕಂಡರೆ ಆ ಕ್ಷಣವೇ ಚಾರ್ಜ್ ಮಾಡುವುದು ನಿಲ್ಲಿಸಿ.

ಕೊನೆಯ ಲೆಕ್ಕ ಗುಜರಿಯದು, ನಾವು ಭಂಗಾರ್ ಅನ್ನುತ್ತೇವಲ್ಲ ಅದರದ್ದು. ಹಳೆಯ ಇನ್ವರ್ಟರ್ ಬ್ಯಾಟರಿಗೆ ಬೆಲೆ ಇರುವುದು ಅದರೊಳಗಿನ ಸೀಸಕ್ಕೆ. ಅದನ್ನು ಸುತ್ತಿಗೆಯಿಂದ ಒಡೆದು, ಆಸಿಡ್ ಚರಂಡಿಗೆ ಸುರಿದು, ಸೀಸ ಕರಗಿಸುವ ಕೆಲಸ ಯಾರು ಮಾಡುತ್ತಾರೆ? ನಮ್ಮ ಮೊಹಲ್ಲಾಗಳವರೇ, ಕೆಲವೊಮ್ಮೆ ನಮ್ಮದೇ ವಯಸ್ಸಿನ, ಶಾಲೆ ಬಿಟ್ಟ ಹುಡುಗರು. ಸೀಸದ ಧೂಳು ಬಟ್ಟೆಗೆ ಅಂಟಿ ಮನೆಗೆ ಬರುತ್ತದೆ, ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತ ಮಾಡುತ್ತದೆ. ಆ ಹಾನಿ ವಾಪಸಾಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಡೀಲರ್‌ಗೆ ಕೊಟ್ಟು ಬಿಲ್‌ನಲ್ಲಿ ಕಡಿತ ಮಾಡಿಸಿಕೊಂಡರೆ ದುಡ್ಡೂ ಬರುತ್ತದೆ, ಯಾರ ಮಗುವಿಗೂ ವಿಷ ಹೋಗುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನ ಮೂರು ವಿನಂತಿಗಳು. ಒಂದು, ಕಚೇರಿಯ ಪಕ್ಕ ಹಳೆಯ ಸೆಲ್‌ಗಳಿಗೆ ಒಂದು ಒಣ ಡಬ್ಬಿ ಇಡಿಸಿ. ಕ್ಯಾಲ್ಕುಲೇಟರ್, ರಿಮೋಟ್, ಗಡಿಯಾರದ ಸೆಲ್‌ಗಳನ್ನು ತುದಿಗೆ ಟೇಪ್ ಅಂಟಿಸಿ ಅದರಲ್ಲಿ ಹಾಕುತ್ತೇವೆ. ಉಬ್ಬಿದ ಮೊಬೈಲ್ ಬ್ಯಾಟರಿ ಮಾತ್ರ ಅದರಲ್ಲಿ ಬೇಡ, ಅದನ್ನು ಸರ್ವಿಸ್ ಸೆಂಟರ್‌ಗೇ ಕೊಡಬೇಕು. ಎರಡು, ಫಿಸಿಕ್ಸ್ ಸರ್ ಒಬ್ಬರು ಮಲ್ಟಿಮೀಟರ್ ಹಿಡಿದು ಕಾಮರ್ಸ್, ಆರ್ಟ್ಸ್ ವಿದ್ಯಾರ್ಥಿಗಳಿಗೂ ಒಂದು ಗಂಟೆ ಪಾಠ ಮಾಡಲಿ. ಲೆಕ್ಕದ ಭಾಗ ನಾವು ಮಾಡುತ್ತೇವೆ. ಮೂರು, ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಬ್ಯಾಟರಿಗಳಿಗೆ ಖರೀದಿಯ ತಾರೀಖು, ವಾರಂಟಿಯ ತಾರೀಖು ಬರೆಯುವ ಒಂದು ರಿಜಿಸ್ಟರ್ ಇರಲಿ. ಅದನ್ನು ಬರೆದಿಡಲು ದ್ವಿತೀಯ ಪಿಯುಸಿ ಕಾಮರ್ಸ್‌ನ ನಾವು ಸಿದ್ಧ.

ಸಹಪಾಠಿಗಳಿಗೆ ವಿನಂತಿ ಒಂದೇ. ಈ ಭಾನುವಾರ ಮನೆಯ ಇನ್ವರ್ಟರ್ ಬ್ಯಾಟರಿಯ ನೀರು ನೋಡಿ, ಅದರ ಮೇಲೆ ಕೊಂಡ ತಾರೀಖನ್ನು ಮಾರ್ಕರ್‌ನಲ್ಲಿ ಬರೆಯಿರಿ, ಬಿಲ್ ಎಲ್ಲಿದೆ ಎಂದು ಅಮ್ಮಿಯನ್ನು ಕೇಳಿ. ಬಿಲ್ ಸಿಗದಿದ್ದರೆ ಮುಂದಿನ ಸಲ ಕೊಳ್ಳುವಾಗ ಜೊತೆಗೆ ನೀವೂ ಹೋಗಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ