ಸ್ಟೆಪ್ನಿಯ ತೋಳು, ಕಾನೂನಿನ ಜಾಣಗುರುಡು

ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರು ಮೊದಲು ಕೈ ಹಾಕುವುದು ಟೈರಿಗೆ. ಜಿಮ್ನಿಯಾಗಲಿ, ಥಾರ್ ಆಗಲಿ, ಗೂರ್ಖಾ ಆಗಲಿ, ಕಂಪನಿ ಕೊಟ್ಟ ಟೈರು ಬಿಚ್ಚಿ ಒಂದೆರಡು ಸೈಜು ದೊಡ್ಡದಾದ ಮಡ್ ಟೈರು ಹಾಕಿಸಿದ ಮೇಲೆ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ನೆಲದ ಮೇಲಿನ ನಾಲ್ಕಕ್ಕೆ ಹೇಗೋ ಜಾಗ ಮಾಡಿಕೊಂಡದ್ದಾಯಿತು, ಹಿಂಬಾಗಿಲಿಗೆ ನೇತುಹಾಕಿದ ಐದನೆಯದರ ಗತಿಯೇನು? ಅದು ಬಾಗಿಲಿನ ಬ್ರಾಕೆಟ್ಟಿಗೆ ಹೊಂದುವುದಿಲ್ಲ. ಹೊಂದಿದರೂ ಕ್ರಮೇಣ ಬಾಗಿಲು ಜೋಲುತ್ತದೆ, ಗಡಗಡ ಸದ್ದು ಶುರುವಾಗುತ್ತದೆ. ಇದಕ್ಕೆ ಪರಿಹಾರವೆಂದು ಬಂದದ್ದು ಸ್ವಿಂಗ್ ಕ್ಯಾರಿಯರ್. ಹಿಂದಿನ ಬಂಪರಿನ ಮೂಲೆಯಲ್ಲಿ ದಪ್ಪನೆಯದೊಂದು ಗೂಟ, ಅದರ ಸುತ್ತ ತಿರುಗುವ ಉಕ್ಕಿನ ತೋಳು, ತೋಳಿನ ಮೇಲೆ ಸ್ಟೆಪ್ನಿ. ಮೊದಲು ತೋಳು ಸರಿಸಬೇಕು, ಆಮೇಲೆ ಬಾಗಿಲು ತೆಗೆಯಬೇಕು. ಚಕ್ರದ ಭಾರ ಬಾಗಿಲಿನಿಂದ ಚಾಸಿಗೆ ವರ್ಗವಾಗುತ್ತದೆ.

ಹವ್ಯಾಸಿಗಳ ಈ ಖಯಾಲಿಗೆ ಪತ್ರಿಕೆಯ ಈ ಪುಟದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ವಾಹನ ಮಾರ್ಪಾಡಿನ ಬಗ್ಗೆ ನಮ್ಮಲ್ಲಿರುವ ಕಾನೂನು ಎಲ್ಲಿ ಎಡವುತ್ತದೆ ಎಂಬುದನ್ನು ಈ ಒಂದು ತೋಳಿನಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಇನ್ನೊಂದಿಲ್ಲ. ಅಗತ್ಯಕ್ಕೆ ಮಾಡಿಸಿದ ಗಟ್ಟಿ ಕೆಲಸಕ್ಕೂ ಶೋಕಿಗೆ ಅಂಟಿಸಿದ ಅಪಾಯಕ್ಕೂ ಆ ಕಾನೂನು ವ್ಯತ್ಯಾಸ ಕಾಣುವುದಿಲ್ಲ. ಕಾಗದದ ಮೇಲೆ ಎರಡನ್ನೂ ಒಂದೇ ಗೆರೆಯ ಆಚೆಗೆ ತಳ್ಳುತ್ತದೆ, ರಸ್ತೆಯ ಮೇಲೆ ಎರಡನ್ನೂ ನೋಡಿಯೂ ನೋಡದಂತೆ ಬಿಡುತ್ತದೆ.

ಮೊದಲು ಅಗತ್ಯದ ಮಾತು. ಥಾರ್‌ನ 18 ಇಂಚಿನ ಚಕ್ರ, ಟೈರು ರಿಮ್ಮು ಸೇರಿ, 30 ಕೆ.ಜಿ. ಆಸುಪಾಸು ತೂಗುತ್ತದೆ. ಬಾಗಿಲಿನ ಹಿಂಜ್‌ನಿಂದ ಚಕ್ರದ ನಡುವಿಗೆ ಅರ್ಧ ಮೀಟರ್, ಎರಡು ಹಿಂಜ್‌ಗಳ ನಡುವೆ 40 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಬಾಗಿಲು ತೆರೆದು ನಿಂತಾಗ ಮೇಲಿನ ಹಿಂಜ್ ಅನ್ನು ಚಕ್ರವೊಂದೇ ಸುಮಾರು 38 ಕೆ.ಜಿ. ಬಲದಿಂದ ಹೊರಕ್ಕೆ ಜಗ್ಗುತ್ತದೆ, ಕೆಳಗಿನದನ್ನು ಅಷ್ಟೇ ಬಲದಿಂದ ಒಳಕ್ಕೆ ಒತ್ತುತ್ತದೆ. ಇಷ್ಟನ್ನು ಕಂಪನಿಯ ಎಂಜಿನಿಯರುಗಳು ಲೆಕ್ಕ ಹಾಕಿಯೇ ಬಾಗಿಲು ಮಾಡಿರುತ್ತಾರೆ. ಚಕ್ರ 42 ಕೆ.ಜಿ.ಯದಾದರೆ ಜಗ್ಗಾಟ 52ಕ್ಕೆ ಏರುತ್ತದೆ. ಬಾಗಿಲು ಮುಚ್ಚಿದ್ದಾಗ ಲಾಕು, ರಬ್ಬರು ಒಂದಷ್ಟು ಭಾರ ಹಂಚಿಕೊಳ್ಳುತ್ತವೆ, ನಿಜ. ಆದರೆ ಗಾಡಿ ಓಡುವಾಗ ಭಾರ ನಿಂತ ಭಾರವಾಗಿ ಉಳಿಯುವುದಿಲ್ಲ. ಹಂಪು ಹಾರಿ ಇಳಿದಾಗ ಎರಡು ಮೂರು ಪಟ್ಟಾಗುತ್ತದೆ. ಮಳೆಗಾಲ ಮುಗಿದ ಮಲೆನಾಡಿನ ರಸ್ತೆಯಲ್ಲಿ ಒಂದು ದಿನಕ್ಕೆ ಇಂಥ ಏಟು ಎಷ್ಟು ಎಂದು ಎಣಿಸಲು ಯಾರಿಗೂ ವ್ಯವಧಾನವಿಲ್ಲ. ಲೋಹ ಒಂದೇ ದೊಡ್ಡ ಏಟಿಗೆ ಸೋಲುವುದು ಅಪರೂಪ. ಸಾವಿರ ಸಣ್ಣ ಏಟು ತಿಂದು, ವೆಲ್ಡಿಂಗಿನ ಅಂಚಿನಲ್ಲೋ ತಗಡು ಮಡಿಸಿದ ಮೂಲೆಯಲ್ಲೋ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮಾಲೀಕರಿಗೆ ಇದು ಹೊಸ ವಿಷಯವೇನಲ್ಲ. ಆ ಹಗುರ ಗಾಡಿಗೆ 235/75 ಆರ್15 ಟೈರು ಏರಿಸುವುದು ಎಸ್ಟೇಟುಗಳಲ್ಲಿ, ರ‍್ಯಾಲಿ ವಲಯದಲ್ಲಿ ವಾಡಿಕೆಯಾಗಿತ್ತು. ಹಿಂಬಾಗಿಲು ಬಳಲುವುದು ಅದರ ಬೆನ್ನಿಗೇ ಬರುತ್ತಿದ್ದ ದೂರು. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ತಗಡಿನ ಮಾಡಿನಂತೆ ಏರಿಳಿತದ ಮಣ್ಣು ರಸ್ತೆಗಳಲ್ಲಿ ನೂರಾರು ಕಿ.ಮೀ. ಹೋಗುವವರು ಎರಡು ಸ್ಟೆಪ್ನಿ ಒಯ್ಯುತ್ತಾರೆ. ದೊಡ್ಡ ಡೀಸೆಲ್ ಟ್ಯಾಂಕ್ ಕೂರಿಸಲು ಗಾಡಿಯ ಅಡಿಯಲ್ಲಿದ್ದ ಸ್ಟೆಪ್ನಿಯನ್ನು ಎತ್ತಂಗಡಿ ಮಾಡುವುದೂ ಉಂಟು. ಅಲ್ಲಿ ಸ್ವಿಂಗ್ ಕ್ಯಾರಿಯರ್ ಒಂದು ಉದ್ಯಮವಾಗಿಯೇ ಬೆಳೆದಿದೆ. ಚೂಪು ಕಲ್ಲಿಗೆ ಸಿಕ್ಕಿ ಟೈರಿನ ಪಕ್ಕೆ ಸೀಳಿದರೆ ಪಂಕ್ಚರ್ ಕಿಟ್ಟು ಕೆಲಸಕ್ಕೆ ಬರುವುದಿಲ್ಲ, ಇನ್ನೊಂದು ಚಕ್ರವೇ ಬೇಕು.

ಆದರೆ ನಮ್ಮ ಊರುಗಳಲ್ಲಿ ಈ ತೋಳು ಹೊತ್ತು ತಿರುಗುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಅದರ ಅಗತ್ಯವಿಲ್ಲ ಎಂದರೆ ಹವ್ಯಾಸಿ ಮಿತ್ರರು ಕೋಪಿಸಿಕೊಳ್ಳಬಾರದು. ಕಂಪನಿಯ ಅಳತೆಯದೇ ಟೈರಿದ್ದರೆ ಬಾಗಿಲು ಸಾಕು. ಅದರ ಮೇಲೆ ತೋಳು ಹಾಕಿಸಿದರೆ ಭಾರ ಇಳಿಸಿದಂತಾಗದೆ ಹೇರಿದಂತೆಯೇ ಆಗುತ್ತದೆ. ಉಕ್ಕಿನ ಬಂಪರು, ತೋಳು ಎಲ್ಲ ಸೇರಿ ಹಿಂದುಗಡೆ 60 ಕೆ.ಜಿ. ಹೆಚ್ಚಾಯಿತೆನ್ನಿ. ಅದು ಕೂತಿರುವುದು ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ. ಥಾರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ದೂರ 2,450 ಮಿ.ಮೀ. ಸನ್ನೆಗೋಲಿನ ಲೆಕ್ಕ ಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, ಸುಮಾರು 85 ಕೆ.ಜಿ. ಮುಂದಿನದು 25 ಕೆ.ಜಿ.ಯಷ್ಟು ಹಗುರಾಗುತ್ತದೆ. ಸ್ಟೇರಿಂಗ್ ತಿರುಗಿಸುವ ಚಕ್ರಗಳು, ಬ್ರೇಕಿನ ದೊಡ್ಡ ಪಾಲು ಹೊರುವ ಚಕ್ರಗಳು ಮುಂದಿನವೇ. ಇದರ ಮೇಲೆ 20 ಲೀಟರಿನ ಎರಡು ಜೆರಿಕ್ಯಾನ್, ಒಂದು ಉದ್ದನೆಯ ಜಾಕು ನೇತುಹಾಕಿದರೆ ಚಾರ್ಮಾಡಿಯ ತಿರುವಿನಲ್ಲಿ ಗಾಡಿಯ ಬಾಲ ಎಳೆಯುವುದು ಚಾಲಕನ ಕೈಗೆ ಗೊತ್ತಾಗುತ್ತದೆ. ವೀಕೆಂಡಿಗೆ ಸಕಲೇಶಪುರದ ರೆಸಾರ್ಟಿಗೆ ಹೋಗಿಬರುವ ಗಾಡಿಗೆ ಜೆರಿಕ್ಯಾನ್ ಯಾಕೆಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಫೋಟೊ ಸಿಗುತ್ತದೆ.

ಇನ್ನು ತೋಳನ್ನು ಮಾಡುವ ಬಗೆ. ನೋಡಲು ನಾಲ್ಕು ಪೈಪಿನ ಕೆಲಸ. ಅದರ ಕಷ್ಟವೆಲ್ಲ ಇರುವುದು ಆ ಗೂಟದಲ್ಲಿ. 42 ಕೆ.ಜಿ.ಯ ಚಕ್ರ ಗೂಟದಿಂದ 70 ಸೆಂ.ಮೀ. ದೂರದಲ್ಲಿದೆ, 20 ಕೆ.ಜಿ.ಯ ತೋಳಿನ ಭಾರಕೇಂದ್ರ 40 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳೋಣ. ಗೂಟದ ಮೇಲಿನ, ಕೆಳಗಿನ ಬೇರಿಂಗುಗಳ ನಡುವೆ ಹತ್ತೇ ಸೆಂ.ಮೀ. ಅಂತರವಿದ್ದರೆ, ತೋಳು ತೆರೆದು ನಿಂತಾಗ ಒಂದೊಂದು ಬೇರಿಂಗಿನ ಮೇಲೂ ಬೀಳುವ ಅಡ್ಡಬಲ 370 ಕೆ.ಜಿ. ಮೀರುತ್ತದೆ. ಅಂತರವನ್ನು ಇಪ್ಪತ್ತಕ್ಕೆ ಏರಿಸಿದರೆ ಅದು ಅರ್ಧಕ್ಕರ್ಧ ಇಳಿಯುತ್ತದೆ. ಬಲ್ಲ ಫ್ಯಾಬ್ರಿಕೇಟರುಗಳು ಟ್ರೇಲರ್ ಹಬ್ಬನ್ನು, ಅದರ ಟೇಪರ್ ರೋಲರ್ ಬೇರಿಂಗು ಸಮೇತ, ಗೂಟಕ್ಕೆ ಬಳಸುವುದು ಇದೇ ಕಾರಣಕ್ಕೆ. ಗ್ರೀಸ್ ಹೊಡೆಯಲು ನಿಪ್ಪಲ್ ಇಡುತ್ತಾರೆ. ತೋಳು ಮುಚ್ಚಿದಾಗ ಅದರ ಇನ್ನೊಂದು ತುದಿ ಬಂಪರಿನ ಮೇಲಿನ ರಬ್ಬರು ಮೆತ್ತೆಯ ಮೇಲೆ ಬಿಗಿಯಾಗಿ ಏರಿ ಕೂರುವಂತೆ ಮಾಡುತ್ತಾರೆ. ಆಗ ಓಡುವಾಗಿನ ಏಟನ್ನೆಲ್ಲ ಗೂಟ ಒಂಟಿಯಾಗಿ ತಿನ್ನಬೇಕಾಗಿಲ್ಲ. ತೆರೆದ ತೋಳನ್ನು ಹಿಡಿದು ನಿಲ್ಲಿಸಲು ಒಂದು ಪಿನ್ನು ಇಡುತ್ತಾರೆ. ಇಳಿಜಾರಿನಲ್ಲಿ ನಿಂತ ಗಾಡಿಯ, ಚಕ್ರವೂ ಸೇರಿ ಅರವತ್ತು ಕೆ.ಜಿ. ತೂಗುವ ತೋಳು ತಾನಾಗಿ ಮುಚ್ಚಿಕೊಂಡರೆ ನಡುವೆ ಸಿಕ್ಕ ಬೆರಳಿಗೆ ಉಳಿಗಾಲವಿಲ್ಲ. ಎಡಗಡೆ ಚಲಿಸುವ ನಮ್ಮ ದೇಶದಲ್ಲಿ ಗೂಟ ಬಲಮೂಲೆಯಲ್ಲಿರಬೇಕು, ಸಾಮಾನು ಇಳಿಸುವವರು ರಸ್ತೆಯ ಅಂಚಿನ ಕಡೆ ನಿಲ್ಲುವಂತಿರಬೇಕು. ವಿದೇಶಿ ಚಿತ್ರ ನೋಡಿ ನಕಲು ಹೊಡೆಯುವವರು ಇದನ್ನೂ ಮರೆಯುತ್ತಾರೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ತಂದು ಇಂಥ ತೋಳನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಕೈಗಳು ನಮ್ಮಲ್ಲಿವೆ. ಹರಿಯಾಣದ ಮಂಡಿ ದಬ್ವಾಲಿಯಂತೂ ಹಳೆಯ ಜೀಪುಗಳಿಗೆ ಹೊಸ ಜನ್ಮ ಕೊಟ್ಟೇ ಹೆಸರಾದ ಊರು. ಕೌಶಲದ ಕೊರತೆಯಿಲ್ಲ. ಇಲ್ಲದಿರುವುದು ಒಳ್ಳೆಯ ಕೈಯನ್ನೂ ಕೆಟ್ಟ ಕೈಯನ್ನೂ ಬೇರ್ಪಡಿಸುವ ಅಳತೆ. ಪೆಟ್ಟಿಗೆಯಾಕಾರದ ಚಾಸಿಗೆ ಬೋಲ್ಟು ತೂರಿಸುವಾಗ ಒಳಗೆ ಕೊಳವೆ ಕೊಡದೆ ಬಿಗಿದರೆ ಚಾಸಿಯ ಗೋಡೆಯೇ ಒಳಕ್ಕೆ ತಗ್ಗುತ್ತದೆ. ಚಾಸಿಗೆ ನೇರವಾಗಿ ವೆಲ್ಡಿಂಗ್ ಮಾಡಿದರೆ ಕಾದ ಜಾಗ ದುರ್ಬಲವಾಗುತ್ತದೆ. ತಲೆಯ ಮೇಲೆ 8.8 ಎಂದು ಅಚ್ಚಿರುವ ಬೋಲ್ಟಿಗೂ ಗುರುತೇ ಇಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟಿಗೂ ಬೆಲೆಯಲ್ಲಿ ಕೆಲವೇ ರೂಪಾಯಿ ವ್ಯತ್ಯಾಸ. ಕಪ್ಪು ಬಣ್ಣ ಬಳಿದ ಮೇಲೆ ಇದಾವುದೂ ಗಿರಾಕಿಗೆ ಕಾಣುವುದಿಲ್ಲ.

ಹಿಂದಿನಿಂದ ಬರುವವನಿಗಂತೂ ಇನ್ನೂ ಕಾಣುವುದಿಲ್ಲ, ಅಕ್ಷರಶಃ. ದೊಡ್ಡ ಚಕ್ರ ಸ್ಥಳಾಂತರವಾದಾಗ ಮರೆಯಾಗುವುದು ನಂಬರ್ ಪ್ಲೇಟು, ಅದರ ದೀಪ, ಮೇಲಿನ ಮೂರನೇ ಬ್ರೇಕ್ ಲೈಟು, ರಿವರ್ಸ್ ಕ್ಯಾಮೆರಾ. ನಮ್ಮ ರಸ್ತೆಗಳಲ್ಲಿ ಕಾರಿನ ಬೆನ್ನಿಗೆ ಬರುವುದು ಹೆಚ್ಚಾಗಿ ದ್ವಿಚಕ್ರ ವಾಹನ. ಕಂಪನಿಯ ಪ್ಲಾಸ್ಟಿಕ್ ಬಂಪರು ಒಂದಿಷ್ಟು ಬಾಗಿ ಏಟನ್ನು ತಾನು ನುಂಗುತ್ತದೆ. ಆರು ಮಿ.ಮೀ. ಪ್ಲೇಟಿನ ಬಂಪರು ಬಾಗುವುದಿಲ್ಲ, ಅದರ ಅಂಚಿನ ಚಿಲಕ, ಬ್ರಾಕೆಟ್ಟು ಬೈಕ್ ಸವಾರನ ಮೊಣಕಾಲಿನ ಎತ್ತರದಲ್ಲೇ ಇರುತ್ತವೆ. ಮುಂದಿನ ಬುಲ್ ಬಾರ್‌ಗಳ ವಿಚಾರದಲ್ಲಿ ಪಾದಚಾರಿಯ ಹೆಸರು ಹೇಳಿ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಕಟ್ಟುನಿಟ್ಟಿನ ಪತ್ರ ಬರೆಯಿತು. ಗಾಡಿಯ ಹಿಂಭಾಗದ ಉಕ್ಕಿನ ಬಗ್ಗೆ ಅಂಥ ಚರ್ಚೆ ನಮ್ಮಲ್ಲಿ ಎದ್ದದ್ದೇ ಇಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೂ ಆರ್‌ಸಿಯಲ್ಲಿರುವ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಬದಲಿಸಕೂಡದು. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನಾತ್ಮಕ ಬದಲಾವಣೆ ಎಂಬ ವಿವರಣೆಯೂ ಅಲ್ಲಿದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಈಗ ನಮ್ಮ ತೋಳನ್ನು ಈ ತಕ್ಕಡಿಗೆ ಹಾಕಿ. ಸ್ಟೆಪ್ನಿಯನ್ನು ಒಂದಡಿ ಆಚೆಗೆ ಸರಿಸುವುದರಿಂದ ವಾಹನದ ಮೂಲ ಲಕ್ಷಣ ಬದಲಾಯಿತೇ? ಇಲ್ಲ ಎನ್ನಬಹುದು. ಆದರೆ ಆರ್‌ಸಿಯಲ್ಲಿ ಖಾಲಿ ವಾಹನದ ತೂಕ ಎಂಬ ಕಲಂ ಇದೆ, 60 ಕೆ.ಜಿ. ಅಲ್ಲಿ ಹೆಚ್ಚಾಗಿದೆ. ಆ ಲೆಕ್ಕಕ್ಕೆ ಹೌದು ಎನ್ನಲೂಬಹುದು. ಒಬ್ಬ ಇನ್‌ಸ್ಪೆಕ್ಟರ್ ಬಿಡುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಮತ್ತೊಂದು ವ್ಯಾಖ್ಯಾನ. ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಮೂರನೆಯದೊಂದು ಹೇಳಬಹುದು. ಹಿಡಿಯಲು ಕಾನೂನಿದೆ, ಒಪ್ಪಿಸಿಕೊಳ್ಳಲು ಕಿಟಕಿ ಇಲ್ಲ. ಹೀಗಿದ್ದಾಗ ಲೆಕ್ಕ ಹಾಕಿ ಕೆಲಸ ಮಾಡುವ ಫ್ಯಾಬ್ರಿಕೇಟರನಿಗೆ ಏನು ಲಾಭ? ಅವನ ತೋಳೂ ಅಕ್ರಮದ ಗುಮಾನಿಯಲ್ಲೇ ಓಡುವುದಾದರೆ, ಮೂರನೇ ಒಂದು ಬೆಲೆಗೆ ಮಾಡಿಕೊಡುವ ಪಕ್ಕದ ಶೆಡ್ಡಿನವನೇ ಗಿರಾಕಿಗೆ ಜಾಣನಾಗಿ ಕಾಣುತ್ತಾನೆ.

ವಿಚಿತ್ರವೆಂದರೆ ಬೀಗದ ಕೈ ಸರ್ಕಾರದ ಹತ್ತಿರವೇ ಇದೆ. 2019ರ ತಿದ್ದುಪಡಿಯೇ 52ನೇ ಸೆಕ್ಷನ್ನಿಗೆ ಒಂದು ಮಾತು ಸೇರಿಸಿದೆ: ಮಾರ್ಪಾಡು ಮತ್ತು ಮರುಜೋಡಣೆಗೆ ಬೇಕಾದ ನಿರ್ದಿಷ್ಟತೆ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ರೂಪಿಸಬಹುದು, ಹಾಗೆ ಮಾಡಿದ ಬದಲಾವಣೆಯ ನೆಪದಲ್ಲಿ ತಯಾರಕರ ವಾರಂಟಿ ಅಸಿಂಧುವಾಗದು. ಸಿಎನ್‌ಜಿ ಕಿಟ್ಟಿನಲ್ಲಿ ಈ ದಾರಿ ಅದಕ್ಕೂ ಮುಂಚಿನಿಂದ ಸವೆದಿದೆ. ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಕಿಟ್ಟು, ಅಧಿಕೃತ ಜೋಡಣೆದಾರ, ಆರ್‌ಸಿಯಲ್ಲಿ ನಮೂದು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ. ಅತಿ ಒತ್ತಡದ ಅನಿಲ ತುಂಬಿದ ಸಿಲಿಂಡರನ್ನು ಡಿಕ್ಕಿಯಲ್ಲಿಡಲು ವ್ಯವಸ್ಥೆ ಮಾಡಬಲ್ಲ ದೇಶಕ್ಕೆ ಒಂದು ಚಕ್ರ ಹೊರುವ ತೋಳಿಗೆ ನಿಯಮ ಬರೆಯುವುದು ಕಷ್ಟವೇ? ಸ್ಟೆಪ್ನಿಯ ಬಗ್ಗೆ ಸಚಿವಾಲಯ ಯೋಚಿಸಿಲ್ಲ ಎಂದೂ ಅಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ರಿಪೇರಿ ಕಿಟ್ಟು ಇದ್ದರೆ ಸಣ್ಣ ಪ್ರಯಾಣಿಕ ವಾಹನಗಳು ಸ್ಟೆಪ್ನಿ ಒಯ್ಯಬೇಕಿಲ್ಲ ಎಂದು 2020ರ ಜುಲೈನಲ್ಲಿ ನಿಯಮ ತಿದ್ದಿತು. ಚಕ್ರವನ್ನು ಬಿಟ್ಟು ಹೋಗುವವರ ಚಿಂತೆ ಮಾಡಿದ ಮೇಲೆ ಹೊತ್ತು ಹೋಗುವವರದ್ದನ್ನೂ ಮಾಡಬಹುದಿತ್ತು.

ಆಸ್ಟ್ರೇಲಿಯಾದಲ್ಲಿ ಲಘು ವಾಹನ ಮಾರ್ಪಾಡಿಗೆ ರಾಷ್ಟ್ರೀಯ ಸಂಹಿತೆಯೊಂದಿದೆ, ಜಾರಿ ಮಾಡುವುದು ಆಯಾ ರಾಜ್ಯ. ಅದು ಮಾರ್ಪಾಡುಗಳನ್ನು ಗಾತ್ರ ಮತ್ತು ಅಪಾಯ ನೋಡಿ ವಿಂಗಡಿಸುತ್ತದೆ. ಸಣ್ಣದಕ್ಕೆ ಯಾರ ಸಹಿಯೂ ಬೇಡ, ದೊಡ್ಡದಕ್ಕೆ ಎಂಜಿನಿಯರಿನ ಪ್ರಮಾಣಪತ್ರ ಬೇಕು. ಜರ್ಮನಿಯಲ್ಲಿ ಬಿಡಿಭಾಗವೇ ತನ್ನ ಅನುಮೋದನೆಯ ಕಾಗದ ಹೊತ್ತು ಬರುವುದುಂಟು. ಎರಡೂ ಕಡೆ ಪ್ರಶ್ನೆ ಬದಲಾಯಿಸಿದ್ದೀಯಾ ಎಂದಲ್ಲ, ಹೇಗೆ ಬದಲಾಯಿಸಿದ್ದೀಯಾ ಎಂದು.

ನಮ್ಮಲ್ಲಿ ಸಹಿ ಮಾಡುವ ಎಂಜಿನಿಯರೇ ಸಹಿ ಮಾರುವ ಎಂಜಿನಿಯರ್ ಆಗುತ್ತಾನೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಎಫ್‌ಸಿ, ಎಮಿಷನ್ ಸರ್ಟಿಫಿಕೇಟ್‌ಗಳ ಕತೆ ಎಲ್ಲರಿಗೂ ಗೊತ್ತು. ಆದ್ದರಿಂದ ಗಾಡಿಗೊಂದು ಸಹಿ ಎಂಬ ಪದ್ಧತಿಯ ಬದಲು ಉತ್ಪನ್ನಕ್ಕೊಂದು ಪರೀಕ್ಷೆ ಎಂಬುದೇ ನಮಗೆ ಒಗ್ಗುವ ದಾರಿ. ಯಾವ ಮಾದರಿಯ ಗಾಡಿಗೆ ಯಾವ ತೋಳು ಎಂದು ತಯಾರಿಸುವವರು ವಾಹನ ಪರೀಕ್ಷಾ ಸಂಸ್ಥೆಗಳಾದ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಲ್ಲಿ ಕಂಪನ ಪರೀಕ್ಷೆ ಮಾಡಿಸಲಿ. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನಷ್ಟೇ ಬಳಸಬೇಕು, ಹೊಸದು ಕೊರೆಯುವಂತಿಲ್ಲ ಎಂಬುದು ಮೊದಲ ಷರತ್ತಾಗಲಿ. ಗಾಡಿಯ ಅಗಲದಿಂದ ಏನೂ ಹೊರಚಾಚಬಾರದು, ಚೂಪು ಅಂಚು ಇರಬಾರದು, ದೀಪ ಮತ್ತು ನಂಬರ್ ಪ್ಲೇಟು ಹೊಸ ಜಾಗದಲ್ಲಿ ಮೊದಲಿನಷ್ಟೇ ಕಾಣಬೇಕು. ಕೈಮಗ್ಗದಂತೆ ಒಂದೊಂದೇ ಮಾಡಿಕೊಡುವ ಸಣ್ಣ ಫ್ಯಾಬ್ರಿಕೇಟರಿಗೆ ಆ ಪರೀಕ್ಷೆಯ ಶುಲ್ಕ ಹೊರೆಯಾಗುತ್ತದೆ, ಒಪ್ಪಬೇಕು. ಹತ್ತು ಮಂದಿ ಸೇರಿ ಒಂದೇ ನಕ್ಷೆಗೆ ಅನುಮೋದನೆ ಪಡೆದು ಹಂಚಿಕೊಳ್ಳಲು ನಿಯಮದಲ್ಲೇ ಅವಕಾಶ ಇಟ್ಟರೆ ಆ ಹೊರೆ ಇಳಿಯುತ್ತದೆ. ತೋಳಿನ ಮೇಲೆ ಒಂದು ಸಣ್ಣ ತಗಡು ಇರಲಿ. ಅನುಮೋದನೆಯ ಸಂಖ್ಯೆ, ಮಾಡಿದವನ ಹೆಸರು, ಹೊರಬಹುದಾದ ಗರಿಷ್ಠ ಚಕ್ರದ ತೂಕ ಇಷ್ಟನ್ನು ಅದರಲ್ಲಿ ಕೊರೆದಿರಲಿ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದ ಇನ್‌ಸ್ಪೆಕ್ಟರಿಗೆ ಅದನ್ನು ಓದಲು ಅರ್ಧ ನಿಮಿಷ ಸಾಕು. ತಗಡಿಲ್ಲದ ತೋಳಿಗೆ ಆಗ 5,000 ರೂಪಾಯಿ ದಂಡ ಹಾಕಿದರೆ ಯಾರೂ ತಕರಾರು ಮಾಡಲಾರರು.