ಕೋವಿ ಹಿಡಿಯುವ ಮುನ್ನ

ಕೋವಿಯೆಂದರೆ ಎಳೆಯ ಮನಸ್ಸಿಗೆ ಒಂದು ಬಗೆಯ ಸೆಳೆತವುಂಟು. ಮಲೆನಾಡಿನ ಹಾಗೂ ಕೊಡಗಿನ ಎಷ್ಟೋ ಮನೆಗಳಲ್ಲಿ ತಾತನ ಕಾಲದ ಜೋಡಿನಳಿಗೆಯ ಕೋವಿಯೊಡನೆ ಶಿಕಾರಿಯ ಕಥೆಗಳೂ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿವೆ. ತರಗತಿಯಲ್ಲಿ ಎಸೆದ ವಸ್ತುವಿನ ಪಥವನ್ನು ಕುರಿತು ಪಾಠ ಹೇಳುವಾಗ, ಅದುವರೆಗೆ ತೂಕಡಿಸುತ್ತಿದ್ದ ವಿದ್ಯಾರ್ಥಿಯೂ ಬಂದೂಕಿನ ಹೆಸರು ಕೇಳಿದೊಡನೆ ತಲೆಯೆತ್ತುವನು. ಗುರಿಯಿಟ್ಟು ಹೊಡೆಯುವುದನ್ನು ಕಲಿಯಬೇಕಾದರೆ ಎಲ್ಲಿಂದ ಆರಂಭಿಸಬೇಕೆಂದು ನಮ್ಮನ್ನು ಕೇಳುವವರೂ ಇದ್ದಾರೆ. ಈ ಕುತೂಹಲವನ್ನು ಗದರಿಸಿ ಅಡಗಿಸುವುದು ವಿವೇಕವಲ್ಲ. ಅದಕ್ಕೆ ಸರಿಯಾದ ದಾರಿಯನ್ನು ತೋರುವುದು ವಿದ್ಯಾಸಂಸ್ಥೆಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಆ ದಾರಿ ಕಾಡಿನಿಂದಲ್ಲ, ಹತ್ತು ಮೀಟರು ದೂರದ ಗುರಿಹಲಗೆಯಿಂದ ಆರಂಭವಾಗಬೇಕು.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ 1991ರಲ್ಲಿ ಅದಕ್ಕೆ ಆದ ತಿದ್ದುಪಡಿಯೂ ನಮ್ಮ ದೇಶದಲ್ಲಿ ವಿನೋದದ ಬೇಟೆಯನ್ನು ಕೊನೆಗಾಣಿಸಿವೆ. ಬೆಳೆಗೆ ಇಲ್ಲವೆ ಜೀವಕ್ಕೆ ಕೇಡು ತರುವ ಪ್ರಾಣಿಯ ವಿಷಯದಲ್ಲಿಯೂ ನಿರ್ಧಾರವು ಅಧಿಕಾರಿಗಳದೇ ಹೊರತು ಕೋವಿ ಹಿಡಿದವನದಲ್ಲ. ಆದಕಾರಣ ‘ಬೇಟೆಯನ್ನು ಕಲಿಯಬೇಕು’ ಎಂದು ಹೊರಡುವ ತರುಣನು ಮೊದಲ ಹೆಜ್ಜೆಯಲ್ಲೇ ಅಪರಾಧಿಯಾಗುವನು. ಆದರೆ ಕಾನೂನಿನ ಭಯವೊಂದೇ ನಮ್ಮ ವಾದಕ್ಕೆ ಆಧಾರವಲ್ಲ. ಕಾಡಿನಲ್ಲಿ ಕಲಿಯಲು ಹೊರಡುವವನು ಗುರಿಯ ವಿದ್ಯೆಯನ್ನೇ ತಪ್ಪಾಗಿ ಕಲಿಯುತ್ತಾನೆಂಬುದು ಅದಕ್ಕಿಂತ ಮುಖ್ಯವಾದ ಕಾರಣ.

ಹೊಸಬನ ಕೈಗೆ ಹನ್ನೆರಡು ಬೋರಿನ ತೋಟಾಕೋವಿಯನ್ನು ಕೊಟ್ಟರೆ ಏನಾಗುವುದೆಂದು ನೋಡೋಣ. ಸುಮಾರು 32 ಗ್ರಾಮು ಚರೆ ಸೆಕೆಂಡಿಗೆ 400 ಮೀಟರು ವೇಗದಿಂದ ಮುಂದಕ್ಕೆ ಹಾರಿದರೆ, ಅಷ್ಟೇ ಸಂವೇಗವು ಕೋವಿಗೆ ಹಿಮ್ಮುಖವಾಗಿ ದೊರೆಯಬೇಕು. ನ್ಯೂಟನ್ನನ ಮೂರನೆಯ ನಿಯಮಕ್ಕೆ ವಿನಾಯಿತಿಯಿಲ್ಲ. ಕೋವಿಯ ತೂಕ 3 ಕಿಲೋಗ್ರಾಮಾದರೆ ಅದು ಸೆಕೆಂಡಿಗೆ 4 ಮೀಟರಿಗೂ ಮಿಗಿಲಾದ ವೇಗದಿಂದ ಭುಜವನ್ನು ಒದೆಯುವುದು. ಎರಡು ಸಲ ಒದೆ ತಿಂದ ಭುಜವು ಮೂರನೆಯ ಸಲ ಈಡು ಹಾರುವ ಮೊದಲೇ ಬೆದರುವುದು. ಕಣ್ಣು ಮುಚ್ಚುವುದು, ಬೆರಳು ಕುದುರೆಯನ್ನು ಜಗ್ಗುವುದು, ನಳಿಗೆ ಓರೆಯಾಗುವುದು. ಈ ದುರಭ್ಯಾಸವನ್ನು ಬಿಡಿಸಲು ವರ್ಷಗಳೇ ಬೇಕಾಗಬಹುದು.

ಸ್ಪರ್ಧೆಯ ವಾಯುಬಂದೂಕಿನ ಲೆಕ್ಕವೇ ಬೇರೆ. ಅದರ 4.5 ಮಿಲಿಮೀಟರು ವ್ಯಾಸದ ಸೀಸದ ಗುಂಡು ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ವೇಗ ಸೆಕೆಂಡಿಗೆ ಸುಮಾರು 170 ಮೀಟರು. ಐದು ಕಿಲೋಗ್ರಾಮು ತೂಗುವ ಬಂದೂಕು ಹಿಂದಕ್ಕೆ ಸರಿಯುವುದು ಸೆಕೆಂಡಿಗೆ ಸುಮಾರು 2 ಸೆಂಟಿಮೀಟರು ವೇಗದಲ್ಲಿ ಮಾತ್ರ. ಭುಜಕ್ಕೆ ಅದರ ಅರಿವೇ ಆಗದು. ಭಯವಿಲ್ಲದೆಡೆ ಕಲಿಕೆಗೆ ಅವಕಾಶವುಂಟು. ಗುಂಡು ಹತ್ತು ಮೀಟರನ್ನು ದಾಟಲು ತೆಗೆದುಕೊಳ್ಳುವ ಒಂದು ಸೆಕೆಂಡಿನ ಹದಿನೇಳನೆಯ ಒಂದು ಪಾಲು ಕಾಲದಲ್ಲಿಯೇ ಗುರುತ್ವವು ಅದನ್ನು ಸುಮಾರು 17 ಮಿಲಿಮೀಟರು ಕೆಳಕ್ಕೆ ಸೆಳೆದಿರುತ್ತದೆ. ಗುಂಡು ನೇರವಾಗಿ ಹೋಗುವುದೆಂಬ ಸಾಮಾನ್ಯ ನಂಬಿಕೆ ಇಲ್ಲಿಯೇ ಮುರಿದುಬೀಳುವುದು.

ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರು. ಗುಂಡಿನ ಅಂಚು ಅದನ್ನು ಸೋಕಿದರೂ ಹತ್ತು ಅಂಕ ದೊರೆಯುವುದಾದರೂ, ಬಂದೂಕಿನ ಮುಂದಿನ ಮೊನೆಯು ಹಿಂದಿನ ಕಿಂಡಿಯ ನೇರದಿಂದ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಸರಿದರೆ ಆ ಅಂಕ ಕೈತಪ್ಪುವುದು. ಎದೆಬಡಿತವೂ ಉಸಿರೂ ನಳಿಗೆಯನ್ನು ಅಲುಗಿಸುವುದನ್ನು ಕಲಿಯುವವನು ಕಣ್ಣಾರೆ ಕಾಣುವನು. ಗುರಿ, ಮೊನೆ, ಕಿಂಡಿ ಮೂರನ್ನೂ ಕಣ್ಣಿನ ಮಸೂರವು ಒಮ್ಮೆಗೇ ಸ್ಫುಟವಾಗಿ ಕಾಣಲಾರದೆಂಬುದೂ, ಮೊನೆಯ ಮೇಲೆ ದೃಷ್ಟಿಯನ್ನು ನಿಲ್ಲಿಸಿ ಗುರಿಯನ್ನು ಮಸುಕಾಗಲು ಬಿಡಬೇಕೆಂಬುದೂ ಅವನಿಗೆ ತಿಳಿಯುವುದು. ಪ್ರಯೋಗಶಾಲೆಯಲ್ಲಿ ದೊರೆಯುವ ಶಿಸ್ತಿಗಿಂತ ಇದು ಕಡಮೆಯೆ?

ಇನ್ನು ಅಪಾಯದ ಮಾತು. ಕಾಡುಹಂದಿಯೆಂದು ಭಾವಿಸಿ ಸಂಗಡಿಗನನ್ನೇ ಹೊಡೆದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಆಗಾಗ್ಗೆ ಓದುತ್ತೇವೆ. ಇದನ್ನು ವಿಧಿಯೆಂದು ಕರೆದು ಸುಮ್ಮನಾಗುವುದು ಸರಿಯಲ್ಲ. ಮುಸ್ಸಂಜೆಯ ಮಂದ ಬೆಳಕಿನಲ್ಲಿ ಕಣ್ಣಿನ ಅಕ್ಷಿಪಟಲದ ಶಂಕುಕೋಶಗಳು ಕೆಲಸ ನಿಲ್ಲಿಸುತ್ತ ಬರುತ್ತವೆ. ಉಳಿದ ಕೋಶಗಳಿಂದ ಬಣ್ಣವೂ ಸೂಕ್ಷ್ಮ ವಿವರವೂ ತಿಳಿಯವು. ಪೊದೆ ಅಲುಗಿದುದು ಮಾತ್ರ ಕಾಣುವುದು. ಉಳಿದ ಆಕಾರವನ್ನು ಆಸೆಗೊಂಡ ಮನಸ್ಸೇ ಬರೆದುಕೊಳ್ಳುವುದು. ಹಂದಿಗಾಗಿ ಕಾದು ಕುಳಿತವನಿಗೆ ಹಂದಿಯೇ ಕಾಣುವುದು. ಇದರ ಜೊತೆಗೆ, ಚಿಕ್ಕದೆನಿಸುವ .22 ರೈಫಲಿನ ಗುಂಡೂ ಗುರಿ ತಪ್ಪಿದರೆ ಒಂದು ಕಿಲೋಮೀಟರನ್ನು ಮೀರಿ ಹೋಗಬಲ್ಲದು. ಮೇಲಕ್ಕೆ ಹಾರಿಸಿದ ಗುಂಡಾದರೂ ಆಕಾಶದಲ್ಲಿ ಕರಗದು. ಕೆಳಗೆ ಬೀಳುವಾಗಲೂ ಕೊಲ್ಲಬಲ್ಲದು. ಮದುವೆ ಮೆರವಣಿಗೆಗಳ ಇಂತಹ ಸಂಭ್ರಮವನ್ನು 2019ರ ಆಯುಧ ತಿದ್ದುಪಡಿ ಕಾನೂನು ಅಪರಾಧವೆಂದು ಸಾರಿರುವುದು ಉಚಿತವಾಗಿದೆ.

ಆದುದರಿಂದ ಕಲಿಯುವವನ ಮೊದಲ ಪಾಠವು ಹೊಡೆಯುವುದಲ್ಲ, ಹೊಡೆಯದಿರುವುದು. ಪ್ರತಿಯೊಂದು ಕೋವಿಯಲ್ಲಿಯೂ ಗುಂಡಿದೆಯೆಂದೇ ತಿಳಿಯಬೇಕು. ಹೊಡೆಯಬಾರದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ನಿಶ್ಚಿತವಾಗುವವರೆಗೆ ಕುದುರೆಯನ್ನು ಮುಟ್ಟಬಾರದು. ಗುರಿಯ ಹಿಂದೆ ಏನಿದೆಯೆಂಬುದನ್ನು ಅರಿತಿರಬೇಕು. ವಾಯುಬಂದೂಕಿಗೂ ಈ ನಿಯಮಗಳು ಅನ್ವಯಿಸುತ್ತವೆ. ಅದರ ಗುಂಡು ಕಣ್ಣನ್ನು ಕಳೆಯಬಲ್ಲದು.

ಎಳೆಯರಿಗೆ ಬಂದೂಕಿನ ವಿದ್ಯೆಯನ್ನು ಕಲಿಸಿದರೆ ಹಿಂಸೆಯನ್ನೇ ಕಲಿಸಿದಂತಾಗದೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಹಗುರವಾದುದಲ್ಲ. ಆದರೆ ಕೋವಿಯನ್ನು ಅರಿಯದವನೇ ಅದನ್ನು ಆಟಿಕೆಯಂತೆ ಕಾಣುವನು. ಅದರ ಬಲವನ್ನು ಅಳೆದು ನೋಡಿದವನಲ್ಲಿ ಎಚ್ಚರ ಬೆಳೆಯುವುದು. ಬೇಟೆಗಾರನಿಗಿದ್ದ ಕಾಡಿನ ತಿಳಿವಳಿಕೆಯೂ ತಾಳ್ಮೆಯೂ ನಶಿಸುವುವೆಂದು ಕೊರಗುವವರೂ ಉಂಟು. ಹೆಜ್ಜೆಗುರುತನ್ನು ಓದಲು, ಗಾಳಿಯ ದಿಕ್ಕನ್ನು ಅರಿಯಲು, ಹಕ್ಕಿಯ ಎಚ್ಚರಿಕೆಯ ಕೂಗನ್ನು ಗುರುತಿಸಲು ಕೋವಿಯೇ ಬೇಕೆಂದಿಲ್ಲ, ದುರ್ಬೀನು ಸಾಕು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿಯೂ, ಗುರಿಕಾರನ ಕೀರ್ತಿಗೆ ಪ್ರಾಣಿಯ ಜೀವವೇ ಬೇಕಿಲ್ಲವೆಂಬುದನ್ನು ತೋರಿಸುತ್ತದೆ.

ಭಾರತದ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪಿತವಾದುದು 1951ರಲ್ಲಿ. 2008ರಲ್ಲಿ ಬೀಜಿಂಗಿನ ಒಲಿಂಪಿಕ್ ಕೂಟದಲ್ಲಿ ಅಭಿನವ್ ಬಿಂದ್ರಾ ಗಳಿಸಿದ ಚಿನ್ನದ ಪದಕ ಇದೇ ಹತ್ತು ಮೀಟರು ವಾಯುಬಂದೂಕಿನದು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಗಳಿಸಿದ ಎರಡು ಕಂಚಿನ ಪದಕಗಳೂ ಹತ್ತು ಮೀಟರು ವಾಯುಪಿಸ್ತೂಲಿನವು. ಇಷ್ಟಿದ್ದರೂ ಈ ವಿದ್ಯೆ ದೊಡ್ಡ ನಗರಗಳ ಉಳ್ಳವರ ಸೊತ್ತಾಗಿಯೇ ಉಳಿದಿದೆ. ಹತ್ತು ಮೀಟರಿಗಿಂತ ತುಸು ಉದ್ದವಾದ ಕೋಣೆ, ಗುಂಡನ್ನು ತಡೆಯುವ ಭದ್ರವಾದ ಹಿಂಗೋಡೆ, ಎರಡು ವಾಯುಬಂದೂಕು, ಕಟ್ಟುನಿಟ್ಟಿನ ಒಬ್ಬ ಶಿಕ್ಷಕ; ಆರಂಭಕ್ಕೆ ಇವಿಷ್ಟು ಸಾಕು. ಜಿಲ್ಲೆಗೊಂದು ಕಾಲೇಜಾದರೂ ಇದನ್ನು ಕೈಗೊಂಡರೆ, ಬೆಳದಿಂಗಳಿನಲ್ಲಿ ಕದ್ದು ಕಾಡಿಗೆ ನುಗ್ಗಬಹುದಾದ ತರುಣನೊಬ್ಬನು ಹಾಡಹಗಲಿನಲ್ಲಿ ಗುರಿಹಲಗೆಯ ಮುಂದೆ ಉಸಿರು ಬಿಗಿಹಿಡಿದು ನಿಂತಾನು. ಅದರಿಂದ ಒಂದು ಪ್ರಾಣಿಯ ಜೀವ ಉಳಿದರೂ, ಒಬ್ಬ ಸಂಗಡಿಗನ ಜೀವ ಉಳಿದರೂ ಆ ಖರ್ಚು ಸಾರ್ಥಕವೇ ಸರಿ.