ಒಂದು ಹಗಲಿನ ಅತಿಥಿಗಳು

ವಿಹಾರನೌಕೆಯಲ್ಲಿ ಜಪಾನಿನ ಕಡೆಗೆ ಪ್ರಯಾಣಮಾಡುವ ಗೃಹಸ್ಥರು ಈಚೆಗೆ ನಮ್ಮ ನಾಡಿನಲ್ಲಿಯೂ ಉಂಟು. ಹಡಗು ಮುಂಜಾನೆ ಬಂದರನ್ನು ಸೇರಿ ಸಂಜೆಗೆ ಹೊರಟುಬಿಡುವುದರಿಂದ, ಒಂದೊಂದು ಊರಿನಲ್ಲಿ ಇವರಿಗೆ ದೊರೆಯುವುದು ಎಂಟು ಹತ್ತು ಗಂಟೆಗಳ ಕಾಲ ಮಾತ್ರ. ಇಷ್ಟು ಅಲ್ಪಕಾಲದಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಎಂಬ ಪ್ರಶ್ನೆ ಸಹಜವಾದುದು. ನಾಗಸಾಕಿ ಬಂದರನ್ನು ನಿದರ್ಶನವಾಗಿಟ್ಟುಕೊಂಡು ಈ ತಿಂಗಳು ಅದನ್ನು ವಿಚಾರಿಸೋಣ.

ನಾಗಸಾಕಿಯು ಕ್ಯೂಶೂ ದ್ವೀಪದ ಪಶ್ಚಿಮದಲ್ಲಿ, ಬೆಟ್ಟಗಳ ನಡುವೆ ಒಳಚಾಚಿದ ಕೊಲ್ಲಿಯ ದಡದಲ್ಲಿದೆ. ಹಡಗು ನಿಲ್ಲುವ ಮತ್ಸುಗಾಯೆ ಕಟ್ಟೆಯಿಂದ ಊರೊಳಕ್ಕೆ ನಡೆದೇ ಹೋಗಬಹುದು. ದೂರದ ಸ್ಥಳಗಳಿಗೆ ಟ್ರಾಮುಗಾಡಿಗಳಿವೆ; ಇವು 1915ರಲ್ಲಿ ಆರಂಭವಾದವು. ಇಳಿಯುವಾಗ ಚಾಲಕನ ಬಳಿಯ ಪೆಟ್ಟಿಗೆಯಲ್ಲಿ ನಾಣ್ಯವನ್ನು ಹಾಕುವುದು ಅಲ್ಲಿಯ ಪದ್ಧತಿ.

ಕಟ್ಟೆಗೆ ಸಮೀಪದ ಗುಡ್ಡದ ಮೇಲೆ ಓವುರಾ ಇಗರ್ಜಿಯಿದೆ. ಇದು 1864ರಲ್ಲಿ ಕಟ್ಟಿ ಮುಗಿದುದು. ಜಪಾನಿನ ಪ್ರಭುಗಳು 1614ರಲ್ಲಿಯೇ ಕ್ರೈಸ್ತಮತವನ್ನು ನಿಷೇಧಿಸಿದ್ದುದರಿಂದ, ಆ ಮತದವರು ದೇಶದಲ್ಲಿ ಉಳಿದಿಲ್ಲವೆಂದೇ ಹೊರಗಿನವರ ಭಾವನೆಯಾಗಿತ್ತು. ಹೀಗಿರಲು 1865ನೆಯ ಮಾರ್ಚಿ 17ರಂದು ಉರಕಾಮಿ ಎಂಬ ಹಳ್ಳಿಯ ಕೆಲವರು ರೈತರು ಈ ಇಗರ್ಜಿಗೆ ಬಂದು, ತಾವೂ ಅದೇ ನಂಬಿಕೆಯವರೆಂದು ಪೆತಿಜಾಂ ಎಂಬ ಫ್ರೆಂಚ್ ಪಾದ್ರಿಗೆ ಮೆಲ್ಲಗೆ ತಿಳಿಸಿದರು. ಪಾದ್ರಿಗಳಿಲ್ಲದೆ ಎರಡು ಶತಮಾನಕ್ಕೂ ಮೀರಿ ತಂದೆತಾಯಿಗಳು ಮಕ್ಕಳಿಗೆ ಅದನ್ನು ಗುಟ್ಟಾಗಿ ಕಲಿಸುತ್ತ ಬಂದಿದ್ದರು. ಉರಕಾಮಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಅಲ್ಲಿಂದ ದೆಜಿಮಾಕ್ಕೆ ಹೋಗತಕ್ಕದ್ದು. 1571ರಿಂದ ಪೋರ್ತುಗೀಜರ ಹಡಗುಗಳು ನಮ್ಮ ನೆರೆಯ ಗೋವೆಯಿಂದ ಮಕಾವಿನ ಮಾರ್ಗವಾಗಿ ನಾಗಸಾಕಿಗೆ ಬರುತ್ತಿದ್ದವು. ಅವರನ್ನು ಊರಿನಿಂದ ಪ್ರತ್ಯೇಕವಾಗಿರಿಸಲೆಂದು 1636ರಲ್ಲಿ ಬೀಸಣಿಗೆಯ ಆಕಾರದ ಈ ಕೃತಕ ದ್ವೀಪವನ್ನು ನಿರ್ಮಿಸಿದರು. ಮೂರು ವರುಷಗಳಲ್ಲಿ ಪೋರ್ತುಗೀಜರನ್ನು ಹೊರಗಟ್ಟಿದ್ದಾಯಿತು. 1641ರಲ್ಲಿ ಡಚ್ ವರ್ತಕರು ಇಲ್ಲಿಗೆ ಬಂದರು. ಎರಡು ನೂರು ವರುಷಗಳಿಗೂ ಹೆಚ್ಚು ಕಾಲ ಐರೋಪ್ಯರಿಗೆ ತೆರೆದಿದ್ದ ಒಂದೇ ಬಾಗಿಲು ಇದು. ಇದರ ಮೂಲಕ ವಿದ್ಯೆಯೂ ಒಳಬಂದಿತು. ಸುಗಿತಾ ಗೆನ್‌ಪಾಕು ಮೊದಲಾದ ವೈದ್ಯರು ಡಚ್ ಭಾಷೆಯ ಶರೀರರಚನಾ ಗ್ರಂಥವೊಂದನ್ನು ಬಹು ಕಷ್ಟದಿಂದ ಭಾಷಾಂತರಿಸಿ 1774ರಲ್ಲಿ ಪ್ರಕಟಿಸಿದರು. ಸುತ್ತಲಿನ ಸಮುದ್ರವನ್ನು ತುಂಬಿ ನೆಲಮಾಡಿರುವುದರಿಂದ ದ್ವೀಪವು ಈಗ ನಗರದ ಮಧ್ಯದಲ್ಲಿದೆ. ಹಳೆಯ ಮನೆಗಳನ್ನು ಮೊದಲಿದ್ದಂತೆ ಪುನಃ ಕಟ್ಟಿದ್ದಾರೆ.

ಮಧ್ಯಾಹ್ನದ ಆಹಾರದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿಯ ಸಾರಿನಲ್ಲಿಯೂ ಮೀನಿನ ರಸ ಬೆರೆತಿರುವುದುಂಟು. ಈ ಊರಿನ ಪ್ರಸಿದ್ಧ ಸಿಹಿರೊಟ್ಟಿಯಾದ ಕಾಸುತೆರಾದಲ್ಲಿ ಮೊಟ್ಟೆಯಿದೆ. ಆದುದರಿಂದ ವಿಚಾರಿಸಿಯೇ ತಿನ್ನಬೇಕು.

ಮಿಕ್ಕ ವೇಳೆಯನ್ನು ಅಂಗಡಿಬೀದಿಯಲ್ಲಿ ಕಳೆಯುವವರೇ ಬಹುಮಂದಿ. ನಾನಾದರೋ ಟ್ರಾಮಿನಲ್ಲಿ ಉತ್ತರಕ್ಕೆ, ಉರಕಾಮಿಗೆ, ಹೋಗಿರೆಂದು ಹೇಳುವೆನು. 1945ನೆಯ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅಣುಬಾಂಬು ಸಿಡಿದುದು ಆ ಕಣಿವೆಯ ಮೇಲೆಯೇ. ಸುಮಾರು 2,40,000 ಜನರಿದ್ದ ನಗರದಲ್ಲಿ ಆ ವರುಷದ ಕೊನೆಯೊಳಗೆ ಸುಮಾರು 74,000 ಮಂದಿ ಮಡಿದರೆಂದು ಲೆಕ್ಕ. ಅಷ್ಟು ಕಾಲ ನಂಬಿಕೆಯನ್ನು ಕಾಪಾಡಿಕೊಂಡು ಬಂದವರ ಮೊಮ್ಮಕ್ಕಳು ಮರಿಮಕ್ಕಳೂ ಅವರಲ್ಲಿ ಸೇರಿದ್ದರು.

ವಿಹಾರಕ್ಕೆ ಬಂದವರಿಗೆ ಶೋಕಸ್ಥಾನದ ದರ್ಶನವೇಕೆಂದು ಕೆಲವರು ಕೇಳುವರು. ಒಬ್ಬರ ಮನೆಗೆ ಹೋಗಿ ಉಂಡು, ಮನೆಯ ಅಂದವನ್ನು ಹೊಗಳಿ, ಅಲ್ಲಿ ನಡೆದ ಸಾವನ್ನು ಕುರಿತು ಒಂದು ಮಾತನ್ನೂ ಕೇಳದೆ ಎದ್ದುಬರುವವನನ್ನು ನಾವು ಸಜ್ಜನನೆನ್ನುವುದಿಲ್ಲ. ಒಂದೇ ಹಗಲಿನ ಅತಿಥಿಗೂ ಈ ಧರ್ಮವು ತಪ್ಪದು. ವಸ್ತುಸಂಗ್ರಹಾಲಯದ ದೃಶ್ಯಗಳು ಘೋರವಾದುವು. ಎಳೆಯ ಮಕ್ಕಳನ್ನು ಒಳಗೆ ಕರೆದೊಯ್ಯುವುದು ಬೇಡ. ಅವರೊಡನೆ ಶಾಂತಿ ಉದ್ಯಾನದಲ್ಲಿ ಕುಳಿತಿದ್ದರೂ ಸಾಕು.

ಹಿಂದಿರುಗುವ ದಾರಿಯಲ್ಲಿ, ಬಾಂಬು ಸಿಡಿದ ಸ್ಥಳಕ್ಕೆ ಸುಮಾರು 800 ಮೀಟರು ದೂರದಲ್ಲಿ, ಸನ್ನೋ ಎಂಬ ದೇವಾಲಯವಿದೆ. ಅದರ ಕಲ್ಲಿನ ತೋರಣದ್ವಾರದ ಒಂದು ಕಂಬವು ಅಂದು ಉರುಳಿತು. ಇನ್ನೊಂದು ಇಂದಿಗೂ ಒಂಟಿಯಾಗಿ ನಿಂತಿದೆ. ಒಳಗೆ ಎರಡು ದೊಡ್ಡ ಕರ್ಪೂರದ ಮರಗಳುಂಟು. ಕರ್ಪೂರವು ಉರಿದರೆ ಏನೂ ಉಳಿಯದೆಂಬುದನ್ನು ನಾವು ಆರತಿಯಲ್ಲಿ ಕಂಡಿದ್ದೇವೆ. ಈ ಮರಗಳಾದರೋ ಸುಟ್ಟು ಬರಿಯ ಬೊಡ್ಡೆಗಳಾಗಿ, ಸತ್ತವೆಂದು ಜನರು ಆಸೆಬಿಟ್ಟ ಮೇಲೆ, ಎರಡು ವರುಷಗಳ ಒಳಗಾಗಿ ಚಿಗುರಿದವು. ಈಗ ಅವುಗಳ ಕೆಳಗೆ ದಟ್ಟವಾದ ನೆರಳಿದೆ.

ಹಡಗು ಯಾರಿಗಾಗಿಯೂ ಕಾಯದು. ಹೇಳಿದ ವೇಳೆಗೆ ಒಂದು ಗಂಟೆ ಮೊದಲೇ ಕಟ್ಟೆಯನ್ನು ಸೇರಿರಿ. ಮನೆಗೆ ಬಂದ ಮೇಲೆ, ಜಪಾನಿನಲ್ಲಿ ಏನು ನೋಡಿದಿರೆಂದು ಮಕ್ಕಳು ಕೇಳಿದರೆ ಆ ಎರಡು ಮರಗಳ ಸಂಗತಿಯನ್ನು ಮೊದಲು ಹೇಳಿರಿ.